ಒಬ್ಬರೇ ಹಿಡಿಯುವ ಚೀಲ

ಮಳೆ ಬರಬಹುದಿತ್ತು. ಡಿಸೆಂಬರಿನಲ್ಲಿ ಎಂಥ ಮಳೆ ಎಂದು ನಗಬೇಡಿ, ನಾನು ಬಟ್ಟೆ ಒಣಹಾಕಿದ ದಿನ ಮಳೆ ತಿಂಗಳು ನೋಡಿದ್ದಿಲ್ಲ. ಚೀಲದ ಜಿಪ್ಪು ಒಳಗಿನಿಂದ ಸಿಕ್ಕಿಕೊಳ್ಳಬಹುದಿತ್ತು, ಸಿಕ್ಕಿಕೊಂಡ ಹೊತ್ತಿಗೇ ಸೊಂಟವೂ ಹಿಡಿದುಕೊಳ್ಳಬಹುದಿತ್ತು. ಬೆಚ್ಚಗಿದೆ ಎಂದು ಹಾವು ಕಾಲಬುಡದಲ್ಲಿ ಸುತ್ತಿಕೊಳ್ಳಬಹುದಿತ್ತು. ಸಾಲದು ಎಂದು ಇನ್ನಷ್ಟು ಮೇಲಕ್ಕೆ ಬರಬಹುದಿತ್ತು. ನನ್ನ ಉಸಿರೇ ಒಳಗೆ ನೀರಾಗಿ ಇಳಿದು, ಆಕಾಶದಲ್ಲಿ ಮೋಡವಿಲ್ಲದೆಯೂ ನಾನೊಬ್ಬನೇ ತೊಯ್ದು ನ್ಯುಮೋನಿಯಾ ಆಗಬಹುದಿತ್ತು. ತೋಟದ ಬೇಲಿ ಪಕ್ಕ ಮಲಗಿದ್ದಾನೆಂದು ಊರವರು ಅಡಿಕೆ ಕಳ್ಳನೆಂದುಕೊಂಡು ಮರಕ್ಕೆ ಕಟ್ಟಬಹುದಿತ್ತು. ಕಳ್ಳನಲ್ಲ, ಜಮೀನು ಅಳೆಯುವ ಸರ್ವೆಯವನು ಎಂದು ಗೊತ್ತಾದ ಮೇಲೆ ಇನ್ನೂ ಬಿಗಿದು ಕಟ್ಟಬಹುದಿತ್ತು. ಕೊನೆಗೆ ಎದೆನೋವು ಬಂದು ಚೀಲದೊಳಗೇ ಮುಗಿದುಹೋಗಿದ್ದರೆ, ಹೊದಿಸಲು ಬಟ್ಟೆ ಹುಡುಕುವ ತಾಪತ್ರಯ ಮಾತ್ರ ಯಾರಿಗೂ ಇರುತ್ತಿರಲಿಲ್ಲ.

ಇದೆಲ್ಲವನ್ನೂ ನಾನು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ನಲವತ್ತೊಂದು ಅಂಶಗಳು. ನನಗೆ ಐವತ್ತೆರಡು ವರ್ಷ; ವಯಸ್ಸಿಗೆ ಹೋಲಿಸಿದರೆ ಪಟ್ಟಿ ಚಿಕ್ಕದೇ.

ಚೀಲ ಎಂದೆನಲ್ಲ, ಅದರ ಹೆಸರು ಬಿವಿ. ಟೆಂಟಲ್ಲ. ನೀರು ಒಳಗೆ ಬಿಡದ ತೆಳು ಬಟ್ಟೆಯ, ಒಂದೇ ಮೈ ಹಿಡಿಯುವ ಉದ್ದನೆಯ ಚೀಲ. ಹಾಸಿಗೆ ಸಮೇತ ಒಳಗೆ ತೂರಿ ಜಿಪ್ಪೆಳೆದುಕೊಳ್ಳುವುದು. ಮುಖದ ಹತ್ತಿರ ಒಂದು ತುಂಡು ಸೊಳ್ಳೆಪರದೆ, ಅದರ ಮೇಲೆ ಮುಚ್ಚಿಕೊಳ್ಳಲು ಒಂದು ಅಂಚು. ಬೆನ್ನಿಗೆ ಗಂಟು ಕಟ್ಟಿಕೊಂಡು ಒಬ್ಬರೇ ದಿನಗಟ್ಟಲೆ ನಡೆಯುವವರು, ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಭಾರವೆಂದು ಕತ್ತರಿಸುವಂಥವರು, ಇದನ್ನು ಕೊಳ್ಳುತ್ತಾರೆ. ನಾನು ಆ ಜಾತಿಯವನಲ್ಲ. ನನಗೆ ಭಾರ ಎಂದರೆ ಪ್ರೀತಿ. ಒಂದು ರಾತ್ರಿಗೆ ಎರಡು ಟಾರ್ಚು, ಎರಡಕ್ಕೂ ಬೇರೆ ಶೆಲ್ಲು, ಶೆಲ್ಲು ನೆನೆಯದಂತೆ ಡಬ್ಬಿ, ಡಬ್ಬಿಯ ಮುಚ್ಚಳ ಕಳೆದರೆ ರಬ್ಬರು ಬ್ಯಾಂಡು. ಅಂಥವನು ಅತಿ ಹಗುರದ ಚೀಲ ಆರಿಸಲು ಕೂತದ್ದು ಹಗುರವಾಗುವ ಆಸೆಯಿಂದಲ್ಲ. ಇನ್ನೊಬ್ಬರಿಗೆ ಜಾಗವಿಲ್ಲದ್ದು ಬೇಕಾಗಿತ್ತು.

ಮಂಜಪ್ಪನ ವಿಷಯ ಹೇಳದೆ ವಿಧಿಯಿಲ್ಲ. ಶಿಕಾರಿಪುರದ ಶಾಲೆಯೊಂದರಲ್ಲಿ ಆಟದ ಮೇಷ್ಟ್ರು. ಹದಿನೇಳು ವರ್ಷ, ಪ್ರತಿ ಡಿಸೆಂಬರಿನಲ್ಲಿ, ನಾವಿಬ್ಬರೂ ಶಿಕಾರಿಪುರದಿಂದ ಸೊರಬದ ಕಡೆಗೆ ನಡೆದಿದ್ದೇವೆ. ಡಾಂಬರು ಬಿಟ್ಟು ಬಂಡಿ ದಾರಿ, ನಾಲೆ ಏರಿ, ಗದ್ದೆ ಬದು. ಒಂದು ರಾತ್ರಿ ಅಂಬ್ಲಿಗೊಳದ ನೀರಿನ ದಂಡೆ, ಇನ್ನೊಂದು ಕುಪ್ಪಗಡ್ಡೆಯ ಕೆರಿಯಪ್ಪನವರ ಕಣ. ಇಬ್ಬರ ಟೆಂಟು. ಅದನ್ನು ಸೇರಿಯೇ ಕೊಂಡಿದ್ದೆವು, ಅವನ ಮನೆಯ ಅಟ್ಟದಲ್ಲಿ ಇರುತ್ತಿತ್ತು. ಒಮ್ಮೆ ಮುಳ್ಳಿಗೆ ಸಿಕ್ಕಿ ಹರಿದಾಗ ನನ್ನ ಹಳೆಯ ಕೊಡೆಯ ಕಪ್ಪು ಬಟ್ಟೆ ಕತ್ತರಿಸಿ ತೇಪೆ ಹಾಕಿದವನು ನಾನೇ. ಹೊಲಿಗೆ ಸ್ವಲ್ಪ ಸೊಟ್ಟಗಿದೆ.

ಹೋದ ವರ್ಷ ಮಂಜಪ್ಪ ಮಂಡಿನೋವು ಎಂದ. ನಾನು ಎಣ್ಣೆ ಕೊಟ್ಟುಬಂದೆ, ಮಂಡಿಯಿಂದ ಶುರುವಾಗಿ ಎಲ್ಲೆಲ್ಲಿಗೆ ಮುಟ್ಟಬಹುದಾದ ಕಾಯಿಲೆಗಳನ್ನು ಓದಿ ಹೇಳಿಯೂ ಬಂದೆ. ಎಂಟು ದಿನಕ್ಕೆ ಅವನ ಶಾಲೆಯ ಇನ್ನೊಬ್ಬ ಮೇಷ್ಟ್ರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಅಂಬ್ಲಿಗೊಳದ ಸೂರ್ಯ ಹುಟ್ಟಿದ. ಸೂರ್ಯನ ಈಚೆಗೆ ಟೆಂಟು, ಟೆಂಟಿನಿಂದ ಹೊರಗೆ ಚಾಚಿದ ನಾಲ್ಕು ಕಾಲು, ಮೇಲ್ಗಡೆ ಸೊಟ್ಟ ಹೊಲಿಗೆಯ ಕಪ್ಪು ತೇಪೆ. ಕಾಲುಗಳನ್ನು ಅಲ್ಲಗಳೆಯಬಹುದು. ತೇಪೆಯನ್ನು ಹೇಗೆ ಅಲ್ಲಗಳೆಯುವುದು?

ಕೇಳಬಾರದಿತ್ತು, ಕೇಳಿದೆ. ಅವನು ಸಿಟ್ಟು ಮಾಡಿಕೊಳ್ಳಲೂ ಇಲ್ಲ. "ನೀನು ಬಂದ್ರೆ ನಿನ್ ಜೊತಿಗೆ ಏನೇನಾಗಬಹುದೋ ಅವೂ ಎಲ್ಲಾ ಬರ್ತಾವ. ಟೆಂಟು ಇಬ್ರುದ್ದು ಮಾರಾಯ, ಅಷ್ಟು ಮಂದಿಗೆ ಜಾಗ ಎಲ್ಲೈತಿ?" ಎಂದ.

ಈ ಮಾತಿಗೆ ಉತ್ತರ ಹೊಳೆದದ್ದು ಹನ್ನೊಂದು ದಿನದ ನಂತರ, ಸ್ನಾನ ಮಾಡುವಾಗ. ಅಷ್ಟರಲ್ಲಿ ನಮ್ಮಿಬ್ಬರ ಮಾತೇ ನಿಂತಿತ್ತು.

ನಮ್ಮ ಕಚೇರಿಯಲ್ಲಿ ಪೋಡಿ ಎಂಬ ಮಾತಿದೆ. ಅಣ್ಣತಮ್ಮಂದಿರಿಗೆ ಜಂಟಿಯಾಗಿದ್ದ ಜಮೀನನ್ನು ಅಳೆದು, ಕಲ್ಲು ನೆಟ್ಟು, ಬೇರೆಬೇರೆ ನಂಬರು ಕೊಡುವುದು. ಇಪ್ಪತ್ತೈದು ವರ್ಷದಿಂದ ಅದೇ ನನ್ನ ಅನ್ನ. ಸರಪಳಿ ಹಿಡಿದ ಕ್ಷಣಕ್ಕೆ ತಮ್ಮನ ಮುಖ ನೋಡದೆ ಮಾವಿನ ಮರ ನೋಡುವ ಅಣ್ಣಂದಿರನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಮನಸ್ಸಿನಲ್ಲೇ ನಕ್ಕಿದ್ದೇನೆ. ಟೆಂಟಿಗೆ ಪೋಡಿ ಮಾಡಲು ಬರುವುದಿಲ್ಲ. ಅರ್ಧ ಟೆಂಟು ಯಾವ ಮಳೆಯನ್ನೂ ತಡೆಯದು. ಹಾಗಾಗಿ ನಾನು ನನ್ನ ಹಿಸ್ಸಾ ಬಿಟ್ಟುಕೊಟ್ಟು, ಹೊಸದಾಗಿ ಒಬ್ಬನ ಹೆಸರಿನ ಖಾತೆ ತೆರೆಯಲು ಹೊರಟೆ.

ಆರಿಸುವುದೇನು ಸುಲಭವೇ? ಬರೀ ಚೀಲದಂಥದ್ದು ಎಲ್ಲಕ್ಕಿಂತ ಹಗುರ, ಆದರೆ ಬಟ್ಟೆ ಮೂಗಿನ ಮೇಲೇ ಬೀಳುತ್ತದೆ. ತಲೆಯ ಹತ್ತಿರ ಕಮಾನು ಇರುವಂಥದ್ದು ಉಸಿರಾಡಲು ಬಿಡುತ್ತದೆ, ಆದರೆ ಕಮಾನು ಮುರಿದರೆ? ಪೂರಾ ನೀರು ತಡೆಯುವ ಬಟ್ಟೆ ಒಳಗಿನ ಆವಿಯನ್ನೂ ತಡೆಯುತ್ತದೆ. ಆವಿ ಬಿಡುವ ಬಟ್ಟೆ ಇಬ್ಬನಿಯನ್ನು ಒಳಗೆ ಕರೆಯುತ್ತದೆ. ಎರಡು ತಿಂಗಳು ಓದಿದೆ. ನಮ್ಮಜ್ಜ ಇದ್ದಿದ್ದರೆ ಕಂಬಳಿಯ ಮೂಲೆ ಮಡಿಸಿ ತಲೆಗೆ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೊರಟುಬಿಡುತ್ತಿದ್ದ. ಈ ಬಿವಿಯೂ ನೆಲಕ್ಕೆ ಮಲಗಿಸಿದ ಕೊಪ್ಪೆಯೇ, ಜಿಪ್ಪೊಂದು ಹೆಚ್ಚಿಗೆ. ಅಜ್ಜನ ಕಿವಿಯಲ್ಲಿ ಒಂಟಿ ಇತ್ತು. ಆ ಪದವನ್ನು ನಾನು ಆ ದಿನಗಳಲ್ಲಿ ಬಹಳ ಜಗಿದೆ. ಒಂಟಿ ಎಂದರೆ ಒಬ್ಬನೇ, ಒಂಟಿ ಎಂದರೆ ಗಂಡಸರ ಕಿವಿಯ ಆಭರಣ. ಆದರೆ ಅಜ್ಜ ಅದನ್ನು ಎರಡೂ ಕಿವಿಗೆ ಹಾಕಿಕೊಳ್ಳುತ್ತಿದ್ದ. ಒಂಟಿ ಎಂದು ಹೆಸರಿಟ್ಟುಕೊಂಡದ್ದಕ್ಕೂ ನಮ್ಮ ಕಡೆ ಒಂದು ಜೋಡಿ ಬೇಕು.

ಕೊನೆಗೆ ಕಮಾನಿನದ್ದನ್ನೇ ತರಿಸಿದೆ. ಬರೆದಷ್ಟೇ ತೂಕ ಇದೆಯೋ ಇಲ್ಲವೋ ಎಂಬ ಅನುಮಾನ. ಮಾರ್ಕೆಟ್ ಯಾರ್ಡಿನಲ್ಲಿ ಮೆಕ್ಕೆಜೋಳದ ಮೂಟೆ ತೂಗುವ ಪರಿಚಯದವರೊಬ್ಬರಿದ್ದರು, ಅವರ ತಕ್ಕಡಿಯ ಮೇಲಿಟ್ಟೆ. ಮೂಟೆಗಳನ್ನೇ ಕಂಡ ಆ ಯಂತ್ರ ಅಲುಗಲೂ ಇಲ್ಲ, ಸೊನ್ನೆ ತೋರಿಸಿತು. "ಇದಕ್ಕೆ ತೂಕಾನ ಇಲ್ರೀ ಸರ, ನೀವೂ ಒಳಗ ಕುಂತು ನೋಡ್ರಿ" ಎಂದರು. ಮನೆಯಲ್ಲಿ ಪಡಸಾಲೆಯ ನಡುವೆ ಒಳಗೆ ಕೂರುವುದಲ್ಲ, ಮಲಗಿಯೇ ನೋಡಿದೆ. ನನ್ನ ಹೆಂಡತಿ ಸರೋಜ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, "ಏಳ್ರೀ, ಪಕ್ಕದ ಮನೆಯವರು ಕಂಡ್ರೆ ಹಾರ ತರ್ತಾರೆ" ಎಂದಳು.

ಡಿಸೆಂಬರಿನಲ್ಲಿ ಹೊರಟೆ. ದಾರಿಯಲ್ಲಿ ಸಿಕ್ಕವರೆಲ್ಲ ಒಂದೇ ಮಾತು ಕೇಳಿದರು, "ಒಬ್ರೇನಾ?" ಊಟ ಆಯ್ತಾ ಎನ್ನುವುದಕ್ಕಿಂತ ಮೊದಲು ಕೇಳುತ್ತಾರೆ ಇದನ್ನು. ಕುತೂಹಲವೂ ಇಲ್ಲ ಅದರಲ್ಲಿ, ಬರೀ ಮರ್ಯಾದೆ. ಆದರೂ ಮೊದಲ ನಾಲ್ಕು ಸಲ ಹೌದು ಎಂದವನು ಐದನೆಯ ಸಲ ಕೈ ಬೀಸಿ ನಡೆದುಬಿಟ್ಟೆ. ಅಂಬ್ಲಿಗೊಳದಲ್ಲಿ ರಾತ್ರಿ ಏನೂ ಆಗಲಿಲ್ಲ. ಪಟ್ಟಿಯ ನಲವತ್ತೊಂದರಲ್ಲಿ ಒಂದೂ ನನ್ನ ಕಡೆ ತಿರುಗಿ ನೋಡಲಿಲ್ಲ. ಸಮಾಧಾನವಾಗುವ ಬದಲು ಅವಮಾನವಾಯಿತು: ಮಂಜಪ್ಪ ಹೇಳಿದ್ದು ನಿಜವಾದರೆ ಅವಾದರೂ ನನ್ನ ಜೊತೆ ಬರಬೇಕಿತ್ತಲ್ಲ.

ಮರುದಿನ ಸಂಜೆ ಕುಪ್ಪಗಡ್ಡೆ. ಕೆರಿಯಪ್ಪನವರು ಕಣದ ಬಾಯಿಯಲ್ಲೇ ನಿಂತಿದ್ದರು. ನನ್ನ ಹೆಗಲ ಹಿಂದಕ್ಕೆ ಕಣ್ಣು ಹಾಯಿಸಿ, "ಒಬ್ರೇನಾ? ಮೇಷ್ಟ್ರೆಲ್ಲಿ?" ಎಂದರು.

ಹೌದು, ಒಬ್ಬನೇ ಎನ್ನಬೇಕಿತ್ತು. ಎರಡು ತಿಂಗಳು ಓದಿ ಚೀಲ ಆರಿಸಿದ್ದು, ಇಷ್ಟು ದೂರ ನಡೆದದ್ದು, ಅದೊಂದನ್ನು ಯಾರೆದುರಾದರೂ ತಲೆಯೆತ್ತಿ ಹೇಳಲಿಕ್ಕೇ. ಬಾಯಿಂದ ಬಂದದ್ದು, "ಹಿಂದೆ ಬರ್ತಿದ್ದಾರೆ."

ಅವರು ತಲೆದೂಗಿದರು. ನಾನು ಹುಲ್ಲಿನ ಬಣವೆಯ ಪಕ್ಕ ಚೀಲ ಬಿಚ್ಚಿ ಹಾಸಿದೆ. ಕೆರಿಯಪ್ಪನವರು ಅದರ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಗೇಣು ಹಾಕಿ ಅಗಲ ಅಳೆದರು. ಇಷ್ಟು ವರ್ಷ ಬೇರೆಯವರ ಆಸ್ತಿ ಅಳೆದವನ ಆಸ್ತಿಯನ್ನು ಮೊದಲ ಸಲ ಒಬ್ಬರು ಅಳೆದರು.

"ಇದ್ರಾಗೆ ಒಬ್ರೇ ಹಿಡಿಯೋದು. ಮೇಷ್ಟ್ರಿಗೆ?"

"ಅವರದ್ದು ಅವರ ಹತ್ರ ಇದೆ," ಎಂದೆ. ಆ ಸಂಜೆ ನಾನಾಡಿದ ನಿಜ ಅದೊಂದೇ.

ಬೆಳಗ್ಗೆ ಎದ್ದು, ಬಾವಿಯ ಹತ್ತಿರ ಮುಖ ತೊಳೆದು ಬರುವಷ್ಟರಲ್ಲಿ ಪಕ್ಕದ ಮನೆಯ ಕರುವೊಂದು ನನ್ನ ಚೀಲದ ತಲೆ ಕಡೆಯ ಅಂಚನ್ನು ಶಾಂತವಾಗಿ ಜಗಿಯುತ್ತಿತ್ತು. ಬೆವರಿನ ಉಪ್ಪು ಅದಕ್ಕೆ ರುಚಿಸಿರಬೇಕು. ಕೆರಿಯಪ್ಪನವರು ಓಡಿಬಂದು ಅದನ್ನು ಅಟ್ಟಿ, ನನಗಿಂತ ಹೆಚ್ಚು ನೊಂದುಕೊಂಡರು. ತಪ್ಪು ತಮ್ಮದೇ ಎಂದರು. ಪ್ರತಿ ಸಂಜೆ ಕಣದ ಬಾಯಿಗೆ ಅಡ್ಡ ಹಾಕುವ ಬಿದಿರಿನ ಉಣಗೋಲನ್ನು ನಿನ್ನೆ ಹಾಕಿರಲಿಲ್ಲವಂತೆ. "ಮೇಷ್ಟ್ರು ಹೊತ್ತಾಗಿ ಬಂದ್ರೆ ತಡವರಿಸಬಾರ್ದು ಅಂತ ತೆಗ್ದಿಟ್ಟಿದ್ದೆ ಕಣ್ರೀ. ಅವ್ರು ಬರ್ಲೇ ಇಲ್ವಲ್ಲ."

ಬಸ್ಸು ಹಿಡಿದು ಶಿಕಾರಿಪುರಕ್ಕೆ ಬಂದೆ. ಅಂಚಿನ ತೂತಿನಲ್ಲಿ ಎರಡು ಬೆರಳು ಹಿಡಿಯುತ್ತವೆ. ಕೊಡೆಯ ಉಳಿದ ಕಪ್ಪು ಬಟ್ಟೆಯನ್ನು ಹುಡುಕಿ ತೆಗೆದು ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದಾಗ ಸರೋಜ ಕೇಳಿದಳು, ಇದು ಹೇಗಾಯಿತು ಎಂದು.

"ಮಂಜಪ್ಪನಿಂದ" ಎಂದೆ.

"ಅವರೂ ಬಂದಿದ್ರಾ?"

"ಇಲ್ಲ. ಅದಕ್ಕೇ."

ಅವಳು ನನ್ನ ಕೈಯಿಂದ ಸೂಜಿ ತೆಗೆದುಕೊಂಡು ದಾರ ಪೋಣಿಸಿ ಕೊಟ್ಟಳು. ಹೊಲಿಗೆ ಈ ಸಲವೂ ಸೊಟ್ಟಗೇ ಬಂದಿದೆ.