ಮುತ್ತಾಚಾರ್ರ ಓರೆಗೀಟು

1994ರಲ್ಲಿ ನಾನು ತಮಿಳುನಾಡಿನ ಧರ್ಮಪುರಿ ಪೇಟೆಯ ಒಂದು ಪಾತ್ರೆ ಅಂಗಡಿಯಲ್ಲಿ ಎರಡನೆಯ ಕೆತ್ತನೆಗಾರನಾಗಿದ್ದೆ. ಇಂಥ ನೆನಪುಗಳನ್ನು ತಹಸೀಲ್ದಾರರೋ ಡಾಕ್ಟರೋ ನಿವೃತ್ತರಾದ ಮೇಲೆ ಬರೆಯುವುದು ವಾಡಿಕೆ. ನನ್ನ ಕಚೇರಿಯೆಂದರೆ ಅಂಗಡಿ ಜಗಲಿಯ ಮೇಲಿನ ನಾಲ್ಕಡಿ ಹಲಗೆ. ನಿವೃತ್ತಿಗೆ ಇನ್ನೂ ಮೂವತ್ತು ವರ್ಷ ಬಾಕಿ. ಆದರೂ ಬರೆಯುತ್ತಿದ್ದೇನೆ. ಆ ಹಲಗೆಯ ಇನ್ನೊಂದು ತುದಿಯಲ್ಲಿ ಈಗ ಮಾತಾಡಲು ಯಾರೂ ಇಲ್ಲ.

ಮೊದಲು ಕೆಲಸದ ವಿಚಾರ. ಪಾತ್ರೆ ಕೊಂಡವರು ಅದರ ಮೇಲೆ ಹೆಸರು ಹಾಕಿಸುತ್ತಾರೆ. ಉಡುಗೊರೆಯಾದರೆ ಕೊಟ್ಟವರದು, ತವರಿನಿಂದ ಹೋಗುವುದಾದರೆ ಹುಡುಗಿಯದು. ಪೆನ್ಸಿಲಿನಷ್ಟು ಉದ್ದದ ಉಕ್ಕಿನ ಉಳಿಯನ್ನು ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು, ಬಲಗೈಯ ಪುಟ್ಟ ಸುತ್ತಿಗೆಯಿಂದ ತಟ್ಟಬೇಕು. ಒಂದೊಂದು ತಟ್ಟಿಗೆ ಒಂದೊಂದು ಚುಕ್ಕೆ; ಚುಕ್ಕೆಗಳು ಸೇರಿದರೆ ಗೀಟು, ಗೀಟುಗಳು ಸೇರಿದರೆ ಅಕ್ಷರ. ಜೋರಾಗಿ ತಟ್ಟಿದರೆ ಪಾತ್ರೆ ನೆಗ್ಗುತ್ತದೆ. ಮೆಲ್ಲಗೆ ತಟ್ಟಿದರೆ ನಾಲ್ಕು ಸಲ ಬೂದಿ ಹಾಕಿ ತಿಕ್ಕುವಷ್ಟರಲ್ಲಿ ಹೆಸರು ಮಾಯ.

ಮೊದಲನೆಯ ಕೆತ್ತನೆಗಾರರು ಮುತ್ತಾಚಾರ್ರು. ಅರವತ್ತು ದಾಟಿದ್ದರು. ಸೇಲಂನಲ್ಲಿ ಬೆಳ್ಳಿ ಕೆಲಸದವರ ಹತ್ತಿರ ಕಸುಬು ಕಲಿತವರು. ಆ ಕಾಲದಲ್ಲೇ ಒಂದು ದೊಡ್ಡ ಸುತ್ತಿಗೆ ಬಿದ್ದು ಅವರ ಎಡಗೈ ಹೆಬ್ಬೆರಳು ಮುರಿದು, ಸೊಟ್ಟಗೆ ಕೂಡಿಕೊಂಡಿತ್ತು. ಹಾಗಾಗಿ ಪ್ರತಿ ಅಕ್ಷರದ ಕೊನೆಗೀಟು ಬರುವಾಗ ಉಳಿ ಚೂರು ಎಡಕ್ಕೆ ಜಾರುತ್ತಿತ್ತು. ಊರಿನವರಿಗೆ ಅದೇ ಚೆಂದ. "ಆಸಾರಿ ಎಳುತ್ತು", ಆಚಾರ್ರ ಅಕ್ಷರವೇ ಬೇಕು, ಎಂದು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ನಾನೂ ಅದನ್ನು ಅವರ ಕೈಯ ಸೊಗಸು ಎಂದೇ ತಿಳಿದಿದ್ದೆ.

ನನ್ನ ವಿಷಯಕ್ಕೆ ಬಂದರೆ, ಕಸುಬು ಕೈಗೆ ಹತ್ತುವ ಮೊದಲೇ ಬಾಯಿಗೆ ಬೇರೊಂದು ಕಸುಬು ಹತ್ತಿತ್ತು. ಅಂಗಡಿಯ ಯಜಮಾನರಾದ ಮುದಲಾಳಿ ಗಂಟಲು ಸರಿಮಾಡಿಕೊಳ್ಳುವುದು, ಪೆನ್ನಾಗರಂ ಬಸ್ಸಿನ ಕಂಡಕ್ಟರು ಮೂಗಿನಲ್ಲಿ ಕೂಗುವುದು, ಪಕ್ಕದ ಟೀ ಅಂಗಡಿಯವನ ಸೀನು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಆಚಾರ್ರ ಕೆಮ್ಮನ್ನು ಅವರೆದುರಿಗೇ ಕೆಮ್ಮಿದ್ದೆ. ಅವರು ಹಲ್ಲಿಲ್ಲದ ಬಾಯಿ ತೆರೆದು ನಕ್ಕಿದ್ದರು.

"ಲೇ ಮಾದ, ನನ್ ಕೆಮ್ಮು ನಂಗಿಂತ ನಿಂಗೇ ಚೆನ್ನಾಗ್ ಒಪ್ತೈತೆ. ನೀನೇ ಇಕ್ಕೋ ಅದ್ನ."

ಎರಡು ವರ್ಷದಲ್ಲಿ ಅವರ ಕೈಯನ್ನೂ ಎತ್ತಿಕೊಂಡೆ. ಅವರ ಹಾಗೆ ಮೊಣಕಾಲ ಮೇಲೆ ಪಾತ್ರೆ ಇಟ್ಟು, ಅವರ ಹಾಗೆ ನಾಲಿಗೆ ಕಚ್ಚಿ, ಅವರದೇ ತಾಳದಲ್ಲಿ ತಟ್ಟುತ್ತಿದ್ದೆ: ಮೂರು ಚುರುಕು, ಒಂದು ನಿಧಾನ. ಓರೆಗೀಟೂ ಬಂತು. ನನ್ನ ಹೆಬ್ಬೆರಳು ಉಳಿಯಂತೆ ನೆಟ್ಟಗಿತ್ತು. ಬೇಕೆಂದೇ ಬಗ್ಗಿಸಿ ಹಿಡಿಯುತ್ತಿದ್ದೆ.

ಆ ವರ್ಷ ಆಚಾರ್ರ ಕಣ್ಣು ಕೈಕೊಟ್ಟಿತು. ನರ ಒಣಗಿದೆ, ಕನ್ನಡಕದಿಂದ ಆಗುವುದಲ್ಲ ಎಂದು ಡಾಕ್ಟರು ಹೇಳಿದ್ದು ನನಗೊಬ್ಬನಿಗೇ ಗೊತ್ತು. ಚೀಟಿಯಲ್ಲಿದ್ದ ಹೆಸರನ್ನು ನಾನು ಓದಿ ಹೇಳುತ್ತಿದ್ದೆ. ಅವರು ಬೆರಳ ತುದಿಯಿಂದ ಹಿಂದಿನ ಅಕ್ಷರ ಎಲ್ಲಿ ಮುಗಿಯಿತೆಂದು ತಡವಿ ಮುಂದಿನದನ್ನು ತಟ್ಟುತ್ತಿದ್ದರು. ಒಂದು ಹಂಡೆಯ ಮೇಲೆ ಸಾಲು ಸೊಟ್ಟಗಾಯಿತು. ಕೊಂಡವರು ವಾಪಸ್ ತಂದರು. ಮುದಲಾಳಿ ಹೊರಗೆ ಬಂದು ಗಂಟಲು ಸರಿಮಾಡಿಕೊಂಡರು.

"ಆಸಾರಿ, ಇನಿಮೇ ಒಂದು ತಪ್ಪು ನಡಂದಾ ಮೆಷಿನ್ ತಾನ್."

ಇನ್ನೊಂದು ತಪ್ಪಾದರೆ ಕರೆಂಟಿನ ಪೆನ್ನು ಬರುತ್ತದೆ ಎಂದರ್ಥ. ಸೇಲಂನ ಅಂಗಡಿಗಳಿಗೆ ಅದು ಆಗಲೇ ಬಂದಿತ್ತು. ಒತ್ತಿದರೆ ದುಂಬಿಯಂತೆ ಗುಂಯ್‌ಗುಟ್ಟುತ್ತ ತಾನೇ ಚುಕ್ಕೆ ಹಾಕುತ್ತದೆ. ಅದು ಬಂದರೆ ಹಲಗೆಯ ಮೇಲೆ ಒಬ್ಬನಿಗೆ ಮಾತ್ರ ಜಾಗ. ಆಚಾರ್ರಿಗೆ ಹೆಂಡತಿ ಇರಲಿಲ್ಲ, ಮಗಳು ಪೆನ್ನಾಗರಂ ಆಚೆಯ ಹಳ್ಳಿಯಲ್ಲಿದ್ದಳು. ಅವರಿಗೆ ಊರು ಎಂದರೆ ಆ ಹಲಗೆಯೇ.

ಸಂಕ್ರಾಂತಿಗೆ ಶುರುವಾಗುವ ತೈ ತಿಂಗಳ ಮದುವೆಗಳು ಹತ್ತಿರ ಬಂದಾಗ ನಲ್ಲಂಪಳ್ಳಿ ಕಡೆಯ ಒಂದು ಮನೆಯವರು ಕಿರಿಯ ಮಗಳ ಮದುವೆಗೆ ಅರವತ್ತು ಪಾತ್ರೆ ಕೊಂಡರು. ಅಕ್ಕನಿಗೆ ಕೊಟ್ಟಂತೆಯೇ ತಂಗಿಗೂ ಕೊಡುವುದು ಆ ಮನೆಯ ಪದ್ಧತಿ. ಒಂದು ಸೌಟು ಹೆಚ್ಚಿಲ್ಲ, ಒಂದು ತಟ್ಟೆ ಕಡಿಮೆಯಿಲ್ಲ. ಅಕ್ಕನ ಪಾತ್ರೆಗೆ ಆರು ವರ್ಷದ ಹಿಂದೆ ಹೆಸರು ಹಾಕಿದ್ದು ಮುತ್ತಾಚಾರ್ರು. ಹುಡುಗಿಯ ಅಜ್ಜಿ ಅಕ್ಕನ ಒಂದು ಚೊಂಬನ್ನು ಮಡಿಲಲ್ಲಿ ಕಟ್ಟಿಕೊಂಡೇ ಬಂದಿದ್ದಳು.

"ಇದೇ ಕೈ ಆಗ್ಬೇಕು ಕಣಪ್ಪ. ಬೇರೆ ಕೈ ಆದ್ರೆ ಚಿಕ್ಕವ್ಳು ನನ್ನ ಸುಮ್ಕೆ ಬುಟ್ಟಾಳಾ? ಸಾಯೋಗಂಟ ಅಂತಾಳೆ."

ಮುದಲಾಳಿ ಆಚಾರ್ರ ಮುಖ ನೋಡಿದರು. ಆಚಾರ್ರು ಗೋಡೆಯ ಕಡೆ ತಿರುಗಿ "ಆಯ್ತದವ್ವ" ಎಂದರು. ಅಜ್ಜಿ ಇದ್ದದ್ದು ಇನ್ನೊಂದು ಕಡೆ.

ಕೆಲಸಕ್ಕೆ ನಾಲ್ಕು ದಿನ ಇತ್ತು. ಮೊದಲ ದಿನ ಊಟದ ಹೊತ್ತಿಗೆ ಅವರು ಆರು ಪಾತ್ರೆ ಮುಗಿಸಿದರು. ಎರಡು ಚೆನ್ನಾಗಿದ್ದವು. ನಾಲ್ಕರಲ್ಲಿ ಅಕ್ಷರ ಅಕ್ಷರದ ಮೇಲೆ ಹತ್ತಿತ್ತು. ಮಧ್ಯಾಹ್ನ ಉಂಡು ಅವರು ಗೋಡೆಗೆ ಒರಗಿ ನಿದ್ದೆ ಹೋದಾಗ ಆ ನಾಲ್ಕನ್ನು ಗೋದಾಮಿನ ಮೂಲೆಗೆ ಸೇರಿಸಿ, ಬೇರೆ ನಾಲ್ಕು ತಂದು, ಅವರ ಉಳಿಯಿಂದಲೇ ಹೆಸರು ಹಾಕಿದೆ. ಮಾರನೆಯ ದಿನದಿಂದ ಅದೇ ನನ್ನ ವೇಳಾಪಟ್ಟಿ. ಹಗಲೋ ರಾತ್ರಿಯೋ, ಅವರು ಮಲಗಿದರೆ ನಾನು ಆಚಾರ್ರು, ಎದ್ದರೆ ಮಾದ. ಒಮ್ಮೆ ಅರ್ಧ ನಿದ್ದೆಯಲ್ಲಿ "ಯಾರ್ಲಾ ತಟ್ತಿರಾದು?" ಎಂದರು. "ನೀವೇ ಆಚಾರ್ರೇ" ಎಂದೆ. ಅವರದೇ ದನಿಯಲ್ಲಿ ಹೇಳಿದೆ ಬೇರೆ. ಆಗ ಅದು ನನಗೆ ಭಾರಿ ತಮಾಷೆಯಾಗಿ ಕಂಡಿತ್ತು.

ಐದನೆಯ ದಿನ ಅಜ್ಜಿ ಬಂದಳು. ಅಕ್ಕನ ಚೊಂಬನ್ನು ಮುಂದಿಟ್ಟುಕೊಂಡು ಒಂದೊಂದೇ ಪಾತ್ರೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಅರವತ್ತನ್ನೂ ನಾನೇ ಒಂದೊಂದಾಗಿ ಎತ್ತಿಕೊಟ್ಟೆ. ಕೊನೆಗೆ ಅವಳು ಆಚಾರ್ರ ಕಡೆ ಕೈಮುಗಿದಳು.

"ನಿಂಗೆ ವಯಸ್ಸೇ ಆಗಿಲ್ಲ ಬುಡಪ್ಪ. ಅದೇ ಕೈ, ಅದೇ ಓರೆ."

ಮುದಲಾಳಿ ಮೆಷಿನ್ನಿನ ಮಾತೆತ್ತದೆ ಒಳಗೆ ಹೋದರು. ಹಲಗೆ ಉಳಿಯಿತು. ನಾನು ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಂಡೆ, ಆಚಾರ್ರ ತಾಳದಲ್ಲೇ: ಮೂರು ಚುರುಕು, ಒಂದು ನಿಧಾನ.

ಪಾತ್ರೆಗಳನ್ನು ಗೋಣಿಗೆ ತುಂಬುವ ಮೊದಲು ಆಚಾರ್ರು ಒಂದು ತಟ್ಟೆ ಕೇಳಿದರು. ಅಂಚಿನ ಮೇಲೆ ಬೆರಳು ಓಡಿಸಿದರು. ಇನ್ನೊಂದು ಕೇಳಿದರು. ಮತ್ತೊಂದು. ಹತ್ತನ್ನು ತಡವಿದ ಮೇಲೆ, ಅಂಗಡಿಯವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು.

"ಇವು ನಂದಲ್ಲ."

"ಅಜ್ಜೀನೇ ಒಪ್ಪವ್ಳೆ ಆಚಾರ್ರೇ."

"ಅವ್ಳ್ ಕಣ್ಣಾಗೆ ನೋಡವ್ಳೆ. ನನ್ ಓರೆ ಒಂದಿನ ಜಾಸ್ತಿ, ಒಂದಿನ ಕಮ್ಮಿ. ಇದ್ರಾಗೆ ಎಲ್ಲಾ ಒಂದೇ ಅಳತೆ ಐತೆ." ಅವರು ಸೊಟ್ಟ ಹೆಬ್ಬೆರಳನ್ನು ನನ್ನ ಅಂಗೈಗೆ ಒತ್ತಿದರು. "ಈ ಗೀಟನ್ನ ನೆಟ್ಟಗ್ ಮಾಡಾಕೆ ನಲವತ್ತ್ ವರ್ಸದಿಂದ ಒದ್ದಾಡ್ತಾ ಇವ್ನಿ ಕಣ್ಲಾ. ನೆಟ್ಟಗ್ ಹಾಕಿ ತೋರ್ಸಾನ ಅಂತ್ಲೇ ದಿನಾ ಕೂತ್ಕತಿದ್ದೆ. ನೀನು ನನ್ ಕುಂಟನ್ನ ಕಲ್ತ್ಕಂಡು ಕುಣೀತಾ ಇದ್ದೀಯ. ನಿನ್ ಬೆರಳ್ಗೆ ಏನಾಗಿತ್ಲಾ?"

ನಾನು ಆ ಹತ್ತು ತಟ್ಟೆಗಳನ್ನು ಎತ್ತಿ ಗೋಣಿಗೆ ತುಂಬಿದೆ.

ಮಾರನೆಯ ಬೆಳಿಗ್ಗೆ ಹಲಗೆಯ ಮೇಲೆ ಅವರ ಉಳಿ, ಸುತ್ತಿಗೆ, ಕೂರುವ ಗೋಣಿತಟ್ಟು ಮಡಿಸಿಟ್ಟಿದ್ದವು. ಮೊದಲ ಬಸ್ಸಿಗೆ ಮಗಳ ಊರಿಗೆ ಹೋದರಂತೆ. ಅವರ ಜಾಗ ಉಳಿಸಲು ಹೊರಟವನು ನಾನು. ಜಾಗ ಉಳಿಯಿತು, ಅವರು ಉಳಿಯಲಿಲ್ಲ. ನೀವಿಲ್ಲದೆಯೂ ನಿಮ್ಮ ಕೆಲಸ ನಡೆಯುತ್ತದೆ ಎಂದು ಆ ಪಾತ್ರೆಗಳ ಮೇಲೆ ಬರೆದುಕೊಟ್ಟಿದ್ದೆ, ಅದೂ ಅವರ ಕೈಯಲ್ಲಿ.

ಆಡಿ ತಿಂಗಳಿಗೆ, ಅಂದರೆ ಆಷಾಢದ ಹೊತ್ತಿಗೆ, ಮೆಷಿನ್ನೂ ಬಂತು. ಆತುರದವರಿಗೆ ಅದು, ಉಳಿಯ ಕೆಲಸ ಕೇಳಿದವರಿಗೆ ನಾನು. ಹಲಗೆಯ ಆಚೆ ತುದಿಗೆ ಒಮ್ಮೆ ಕಂಡಕ್ಟರನ ಹಾಗೆ ಕೂಗಿದೆ. ಒಮ್ಮೆ ಆಚಾರ್ರ ಕೆಮ್ಮು ಕೆಮ್ಮಿದೆ. ಒಳಗಿನಿಂದ ಮುದಲಾಳಿ "ಯಾರು, ಆಸಾರಿಯಾ?" ಎಂದು ಎದ್ದು ಬಂದರು. ಅಂದಿನಿಂದ ಆ ಕೆಮ್ಮು ಬಿಟ್ಟೆ.

ಬಿಡಲು ಆಗದಿದ್ದದ್ದು ಓರೆಗೀಟು. ನೆಟ್ಟಗೆ ಹಾಕೋಣವೆಂದು ಕೂತರೂ ಹೆಬ್ಬೆರಳು ತಾನೇ ಬಗ್ಗುತ್ತಿತ್ತು. ಹಳೆಯ ಡಬ್ಬಿ ಮುಚ್ಚಳಗಳ ಮೇಲೆ ದಿನಾ ತಟ್ಟಿದೆ. ಮೂರು ಚುರುಕು ಒಂದು ನಿಧಾನ ಬಂದ ಕೂಡಲೇ ನಿಲ್ಲಿಸಿ ಮತ್ತೆ ಶುರು ಮಾಡುತ್ತಿದ್ದೆ. ಸುಮಾರು ಎಂಟು ತಿಂಗಳಾದ ಮೇಲೆ ಒಂದು ಗೀಟು ಎಡಕ್ಕೂ ವಾಲದೆ ಬಲಕ್ಕೂ ವಾಲದೆ ನಿಂತಿತು. ತೋರಿಸೋಣವೆಂದು ಪಕ್ಕಕ್ಕೆ ತಿರುಗಿದೆ. ಮಡಿಸಿದ ಗೋಣಿತಟ್ಟು ಇತ್ತು.

ಒಂದು ಹೊಸ ಚೊಂಬಿನ ಮೇಲೆ ಅವರ ಹೆಸರು ಹಾಕಿಕೊಂಡು ಬಸ್ಸು ಹತ್ತಿದೆ. ಆಚಾರ್ರು ಮಗಳ ಮನೆಯ ಕುರಿದೊಡ್ಡಿಯ ಪಕ್ಕ ಕೂತು ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕಣ್ಣು ಪೂರ್ತಿ ಹೋಗಿತ್ತು. ನಾನು ಬೇಲಿಯ ಹೊರಗೆ ನಿಂತು, ಇಳಿಯಿರಿ ಎನ್ನುವ ಕಂಡಕ್ಟರನ ಹಾಗೆ ಮೂಗಿನಲ್ಲಿ ಕೂಗಿದೆ.

"ಪೆನ್ನಾಗರಂ ಇರಂಗು! ಇರಂಗು!"

"ಬಾ ಲಾ ಕಳ್ಳ," ಎಂದು ನಕ್ಕರು. "ನಿನ್ ಗುರ್ತು ಸಿಕ್ಕಾಕಿಲ್ವಾ ನಂಗೆ?"

ಬೇಲಿ ದಾಟಿ ಹೋಗಿ ಚೊಂಬನ್ನು ಕೈಗಿಟ್ಟೆ. ಅವರು ಬೆರಳನ್ನು ಪಂಚೆಗೆ ಒರೆಸಿ ಹೆಸರಿನ ಮೇಲೆ ಓಡಿಸಿದರು. ಮತ್ತೊಂದು ಸಲ, ನಿಧಾನವಾಗಿ. ಹುಬ್ಬು ಗಂಟಿಕ್ಕಿತು.

"ಯಾರ್ ಆಕಿದ್ದು ಇದು? ಸೇಲಂನವ್ನಾ? ಈ ಕೈ ನಂಗೆ ಗೊತ್ತಿಲ್ವಲ್ಲ."

ಹತ್ತು ದನಿ ಇದ್ದವನು ನಾನು. ನನ್ನದೇ ದನಿ ಹುಡುಕಿಕೊಳ್ಳಲು ಹೊತ್ತು ಹಿಡಿಯಿತು. "ಯಾರೋ ಒಸಬ, ಆಚಾರ್ರೇ" ಎಂದೆ.

"ಪರ್ವಾಗಿಲ್ಲ. ಕೈ ನೆಟ್ಟಗೈತೆ." ಅವರು ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಹುಣಿಸೆಗೆ ಕೈ ಹಾಕಿದರು. "ಒಬ್ನೇ ಕೂತು ಆಕಿರಂಗೈತೆ."

ಗುರುವಿಗೆ ನಿನ್ನ ಕೈಯ ಗುರುತು ಸಿಗದೆ ಹೋದ ದಿನ ಕಸುಬು ಕೈಗೆ ಬಂತೆಂದು ತಿಳಿ, ಎಂದು ಯಾರಾದರೂ ಕೇಳಿದರೆ ಹೇಳುತ್ತೇನೆ. ಅವತ್ತು ವಾಪಸ್ ಬಸ್ಸಿನಲ್ಲಿ ಕಂಡಕ್ಟರು ನಾನು ಮಾಡುವುದಕ್ಕಿಂತ ಚೆನ್ನಾಗಿ ಮೂಗಿನಲ್ಲಿ ಕೂಗುತ್ತಿದ್ದರು. ಪಕ್ಕದ ಸೀಟು ಖಾಲಿಯಿತ್ತು. ಅದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ.