ಮಿಳ್ಳೆ ಅದೇ, ಮದ್ದು ಬೇರೆ

ಲೆಂಪಿ ರೌಟಿಯೊ ಕೋವಿ ಮದ್ದು ಅಳೆಯುವುದನ್ನು ಕಲಿತದ್ದು ಗಂಡ ತೌನೊನಿಗೆ ಲಕ್ವ ಹೊಡೆದ ಮೇಲೆ. ಅಲ್ಲಿಯವರೆಗೆ ನೆಲಮಾಳಿಗೆಯ ಆ ಮೂಲೆಗೆ ಅವಳು ಕಾಲಿಟ್ಟವಳಲ್ಲ. ಬಟ್ಟೆ ಒಗೆಯುವ ಯಂತ್ರ ಈ ಕಡೆ, ತೌನೊನ ಮೇಜು ಆ ಕಡೆ. ನಡುವೆ ಗೋಡೆ ಇರಲಿಲ್ಲ, ಆದರೂ ಇದ್ದ ಹಾಗೆಯೇ.

ಮಿಶಿಗನ್‌ನ ಉತ್ತರದ ಕಾಡಿನಲ್ಲಿ ಕಬ್ಬಿಣದ ಗಣಿಯನ್ನು ನೆಚ್ಚಿಕೊಂಡಿದ್ದ ಊರು ಅದು; ಫಿನ್ಲೆಂಡಿನಿಂದ ಬಂದ ಫಿನ್ನರ ಮನೆಗಳೇ ಹೆಚ್ಚು. ನವೆಂಬರ್ ಬಂತೆಂದರೆ ಗಂಡಸರು ಜಿಂಕೆ ಬೇಟೆಗೆ ಕಾಡಿನ ಬಿಡಾರಗಳಿಗೆ ಹೊರಟುಬಿಡುತ್ತಿದ್ದರು. ಹಾರಿಸಿದ ತೋಟಾಗಳ ಖಾಲಿ ಹಿತ್ತಾಳೆ ಕೊಳವೆಗಳನ್ನು ಹೆಕ್ಕಿ ತಂದು, ಕಿಡಿ ಕೊಡುವ ಹೊಸ ಕೇಪು ಕೂರಿಸಿ, ಮದ್ದು ಸುರಿದು, ಬಾಯಿಗೆ ಗುಂಡು ಒತ್ತಿ ಮತ್ತೆ ತೋಟಾ ಮಾಡಿಕೊಳ್ಳುವವರು ಬೀದಿಗಿಬ್ಬರಾದರೂ ಇದ್ದರು. ಅವರಲ್ಲಿ ತೌನೊನದು ಎತ್ತಿದ ಕೈ. ತಕ್ಕಡಿ ಇಟ್ಟುಕೊಂಡು ಒಂದೊಂದು ತೋಟಾಗೂ ತೂಗುವವರನ್ನು ಕಂಡರೆ ಅವನಿಗೆ ನಗು. ಅವನ ಬಳಿ ಹಳದಿ ಪ್ಲಾಸ್ಟಿಕ್ಕಿನ ಪುಟ್ಟ ಪುಟ್ಟ ಮಿಳ್ಳೆಗಳಿದ್ದವು. ಇಂಥ ಮದ್ದಿಗೆ ಇಂಥ ಮಿಳ್ಳೆ. ಬಟ್ಟಲಿನ ಮದ್ದಿನಲ್ಲಿ ಮುಳುಗಿಸಿ ಎತ್ತಿ, ಇಸ್ಪೀಟಿನ ಎಲೆಯಿಂದ ಬಾಯಿ ಸವರಿದರೆ ಅಳತೆ ಮುಗಿಯಿತು. ಮಿಳ್ಳೆಯನ್ನು ಕುಟ್ಟಬಾರದು, ಅಲ್ಲಾಡಿಸಬಾರದು. ಅವನ ಕೈಯ ತೋಟಾ ಒಂದಾದರೂ ಕೈಕೊಟ್ಟಿತೆಂದು ಯಾರೂ ಹೇಳಿದ್ದಿಲ್ಲ. ಗಣಿಯಲ್ಲಿ ಅವನಿಗಿಂತ ಮೇಲಿನವರು ಕೂಡ ಬೇಟೆಯ ಕಾಲಕ್ಕೆ ಅವನ ಅಡುಗೆಮನೆ ಬಾಗಿಲಿಗೆ ಬಂದು ಟೋಪಿ ತೆಗೆದು ನಿಲ್ಲುತ್ತಿದ್ದರು.

ಲಕ್ವ ಅವನ ಬಲಗಡೆಯನ್ನೆಲ್ಲ ತೆಗೆದುಕೊಂಡು ಹೋಯಿತು. ಮಾತು ತೊದಲುತ್ತ ತೊದಲುತ್ತ ಹಿಂದಕ್ಕೆ ಬಂತು, ಕೈ ಬರಲಿಲ್ಲ. ಗಣಿಯ ಕೆಲಸ ಹೋಯಿತು. ಮಕ್ಕಳಿರಲಿಲ್ಲ. ಲೆಂಪಿ ಊರಿನ ಶಾಲೆಯ ಅಡುಗೆಮನೆಯಲ್ಲಿ ರೊಟ್ಟಿ, ಕೇಕು ಮಾಡುವ ಕೆಲಸದಲ್ಲಿದ್ದಳು; ಮನೆ ಅದರಲ್ಲೇ ನಡೆಯಿತು. ಅವನ ಅಂಗಿಯ ಗುಂಡಿ ಹಾಕುವುದು, ಮಾಂಸ ಹೆಚ್ಚಿ ಬಾಯಿಗಿಡುವುದು, ಶನಿವಾರ ಸೌನಾ ಎಂಬ ಉಗಿಮನೆಯ ಬಿಸಿಯಲ್ಲಿ ಕೂರಿಸಿ ಬೆನ್ನು ಉಜ್ಜುವುದು, ಎಲ್ಲವೂ ಅವಳದೇ. ತೌನೊ ಎಲ್ಲವನ್ನೂ ಸಹಿಸಿಕೊಂಡ. ಬೇಟೆಯ ಕಾಲ ಹತ್ತಿರವಾದಾಗ ಮಾತ್ರ ಅವನ ಮುಖ ಕಪ್ಪಿಟ್ಟಿತು.

"ನಾನು ಕೂತು ಹೇಳ್ತೀನಿ. ನೀನು ಮಾಡು," ಎಂದ ಒಂದು ದಿನ.

"ನಂಗೇನು ಗೊತ್ತು ಅದೆಲ್ಲ?"

"ಕೇಕಿಗೆ ಹಿಟ್ಟು ಅಳೀತೀಯಲ್ಲ. ಅಷ್ಟೇ ಇದು."

ಅವಳು ಬೇಗ ಕಲಿತಳು. ಮೇಜಿನ ಮೇಲೆ ಒಂದು ಮದ್ದಿನ ಡಬ್ಬ ಇದ್ದಾಗ ಇನ್ನೊಂದು ಇರಬಾರದು. ಮದ್ದು ಸುರಿದ ಮೇಲೆ ಸಾಲಾಗಿ ನಿಂತ ಕೊಳವೆಗಳೊಳಗೆ ಟಾರ್ಚು ಹಿಡಿದು, ಎಲ್ಲದರಲ್ಲೂ ಒಂದೇ ಮಟ್ಟವಿದೆಯೇ ನೋಡಬೇಕು. ಅವಳ ಹೆಗಲಿಗೆ ಒರಗಿ ಮೆಟ್ಟಿಲಿಳಿದು ಬರುತ್ತಿದ್ದ ತೌನೊ ಕುರ್ಚಿಯಲ್ಲಿ ಕೂತು ಅವಳ ಕೈಯನ್ನೇ ನೋಡುತ್ತಿದ್ದ. ಎರಡು ವರ್ಷ ಹೀಗೆಯೇ ನಡೆಯಿತು. ಊರಿನವರು ಈಗಲೂ ಅದನ್ನು ತೌನೊನ ತೋಟಾ ಎಂದೇ ಕರೆಯುತ್ತಿದ್ದರು. ಲೆಂಪಿಗೆ ಅದರಿಂದ ಬೇಸರವೇನೂ ಇರಲಿಲ್ಲ.

ಮೂರನೆಯ ವರ್ಷ ಬೇಟೆಗೆ ಸ್ವಲ್ಪ ಮುಂಚೆ ಮದ್ದು ಮುಗಿಯಿತು. ಲೆಂಪಿಯ ತಮ್ಮ ಎಲ್ಮರ್ ಒಂದು ಡಬ್ಬ ತಂದುಕೊಟ್ಟ. ಅವನೂ ಗಣಿಯವನೇ. ಜೊತೆಗಾರನೊಬ್ಬ ಸತ್ತಾಗ ಅವನ ನೆಲಮಾಳಿಗೆಯ ಸಾಮಾನಿನಲ್ಲಿ ಸಿಕ್ಕಿದ್ದಂತೆ.

"ನಿನ್ನ ಮದ್ದೇ ಭಾವ, ಹೆಸರು ನೋಡು," ಎಂದ ಎಲ್ಮರ್. "ಮೊದಲು ನಂಗೊಂದಿಷ್ಟು ತುಂಬಿಕೊಡು. ಕೋವಿ ಗುರಿ ಸರಿ ಮಾಡ್ಕೋಬೇಕು."

ಅವನು ಹೋದ ಮೇಲೆ ಲೆಂಪಿ ಡಬ್ಬವನ್ನು ಬಟ್ಟಲಿಗೆ ಬಗ್ಗಿಸಿದಳು. ಅವಳ ಕೈ ಅಲ್ಲೇ ನಿಂತಿತು. ಇಷ್ಟು ದಿನ ಕಂಡ ಮದ್ದು ಪೆನ್ಸಿಲ್ಲಿನ ಕಡ್ಡಿ ಮುರಿದು ಹಾಕಿದ ಹಾಗಿತ್ತು. ಇದು ಸಾಸಿವೆಗಿಂತ ಸಣ್ಣ ಕಾಳು, ಹೊಳಪು ಬೇರೆ.

"ತೌನೊ, ಇದು ಅದಲ್ಲ."

"ಡಬ್ಬದ ಮೇಲೆ ಓದು."

"ಓದ್ದೆ. ಹೆಸರು ಅದೇ. ಒಳಗಿರೋದು ಬೇರೆ. ಯಾರೋ ಬೇರೆ ಮದ್ದು ತಂದು ಇದಕ್ಕೆ ಸುರಿದಿದಾರೆ."

"ಕಂಪನಿಯವರು ಆಗಾಗ ಕಾಳು ಬದಲಾಯಿಸ್ತಾರೆ."

"ಒಂದು ಲೋಟ ಹಿಟ್ಟು, ಒಂದು ಲೋಟ ಸಕ್ಕರೆ ಒಂದೇ ತೂಕ ಬರುತ್ತಾ? ಅದೇ ಮಿಳ್ಳೆಗೆ ಇದು ಹೆಚ್ಚು ಹಿಡಿಯುತ್ತೆ. ಪಕ್ಕದ ಮನೆಯಿಂದ ತಕ್ಕಡಿ ತರ್ತೀನಿ, ತಾಳು."

ತೌನೊನ ಮುಖ ಕೆಂಪಾಯಿತು. ತುಟಿಯ ಓರೆಯಿಂದ ಜೊಲ್ಲು ಇಳಿಯಿತು; ಅವಳು ಒರೆಸಲು ಹೋದರೆ ಎಡಗೈಯಿಂದ ತಳ್ಳಿಬಿಟ್ಟ.

"ತೌನೊ ರೌಟಿಯೊ ಮನೇಲಿ ತಕ್ಕಡಿ ಸಾಲ ಕೇಳ್ತಿದಾರೆ ಅಂತ ಊರೆಲ್ಲ ಹಬ್ಬಿಸು ಹೋಗು. ನಿಂಗೆ ಮದ್ದು ಕಲಿಸಿದವನು ಯಾರು? ಮಿಳ್ಳೆ ತಗೋ. ತುಂಬು."

ಲೆಂಪಿ ತುಂಬಿದಳು. ಅವಳ ಮನಸ್ಸು ಒಪ್ಪಿರಲಿಲ್ಲ. ಆದರೆ ಕಾಲು, ಕೈ, ಕೆಲಸ ಎಲ್ಲ ಕಳೆದುಕೊಂಡ ಮನುಷ್ಯನಿಂದ ಇದೊಂದನ್ನು ಹೇಗೆ ಕಿತ್ತುಕೊಳ್ಳುವುದು ಎನ್ನಿಸಿತು.

ಮಾರನೆಯ ಮಧ್ಯಾಹ್ನ ಊರಾಚೆಯ ಜಲ್ಲಿಕಲ್ಲಿನ ಹಳ್ಳದಲ್ಲಿ ಎಲ್ಮರ್ ಹಾರಿಸಿದ ಮೊದಲ ಗುಂಡಿಗೇ ಕೋವಿ ಸಿಡಿಯಿತು. ಬಲಗಣ್ಣು ಹೋಯಿತು, ಒಂದು ಹೆಬ್ಬೆರಳು ಹೋಯಿತು, ಕೆನ್ನೆಯ ಮೂಳೆ ಪುಡಿಯಾಯಿತು.

ಬಿಡಾರದ ಗೆಳೆಯರು ಮೂವರು ತೌನೊನನ್ನು ನೋಡಲು ಬಂದರು. ಲೆಂಪಿ ಕಾಫಿ ಇಟ್ಟಳು. ಯಾರೂ ಬಟ್ಟಲು ಮುಟ್ಟಲಿಲ್ಲ.

"ಏನಾಯ್ತು ತೌನೊ?" ಎಂದು ಅವರಲ್ಲಿ ಹಿರಿಯನು ಕೇಳಿದ. "ಒಂದೇ ತೋಟಾಗೆ ಮದ್ದು ಎರಡು ಸಲ ಬಿತ್ತೋ ಏನೋ?"

ಲೆಂಪಿ ಗಂಡನ ಕಡೆ ನೋಡಿದಳು. ಅವನು ಕಿಟಕಿಯ ಕಡೆ ನೋಡುತ್ತಿದ್ದ.

"ನನ್ನ ಕೈ ಆಗಿದ್ರೆ..." ಎಂದ ತೌನೊ. ಅಷ್ಟಕ್ಕೇ ನಿಲ್ಲಿಸಿದ.

ಆ ಅರ್ಧ ಮಾತು ಸಾಕಾಯಿತು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು: ಹೆಂಗಸಿನ ಕೈಗೆ ಮದ್ದು ಕೊಟ್ಟರೆ ಇನ್ನೇನಾಗುತ್ತದೆ.

ಅವರು ಹೋದ ಮೇಲೆ ಲೆಂಪಿ ಅವನ ಎದುರಿಗೆ ಕುರ್ಚಿ ಎಳೆದು ಕೂತಳು. "ನಾನು ಹೇಳಿದ್ದೆ, ಅಲ್ವಾ?" ಎಂದು ಕೇಳಿದಳು. ತೌನೊ ಕಣ್ಣು ಮುಚ್ಚಿಕೊಂಡ. "ನಿದ್ದೆ ಬರ್ತಿದೆ," ಎಂದ. ಅವಳು ನೆಲಮಾಳಿಗೆಗೆ ಇಳಿದು, ಉಳಿದ ಮದ್ದನ್ನು ಹಿತ್ತಲಿನ ಹಿಮದ ಮೇಲೆ ತೆಳ್ಳಗೆ ಗೆರೆಯಾಗಿ ಸುರಿದು ದೂರದಿಂದ ಬೆಂಕಿ ಕೊಟ್ಟಳು. ಭುಸ್ಸೆಂದು ಒಮ್ಮೆ ಎದ್ದು ಆರಿತು. ಪಕ್ಕದ ಮನೆಯ ಪರದೆ ಸರಿದು ಮತ್ತೆ ಮುಚ್ಚಿಕೊಂಡಿತು.

ಆಸ್ಪತ್ರೆಯಿಂದ ಮನೆಗೆ ಬಂದ ತಮ್ಮನನ್ನು ನೋಡಲು ಹೋದರೆ ಅವನ ಹೆಂಡತಿ ಹಿಲ್ಯ ಬಾಗಿಲಲ್ಲೇ ನಿಂತಳು. "ಮಲಗಿದಾರೆ ಅತ್ತಿಗೆ," ಎಂದಳು. ಇನ್ನೊಂದು ಸಲ ಹೋದಾಗ ಬಾಗಿಲೇ ತೆಗೆಯಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಮೇಲಿನವಳು ಒಂದು ಬೆಳಿಗ್ಗೆ ಲೆಂಪಿಯ ಕೈಯಿಂದ ಹಿಟ್ಟಿನ ಲೋಟ ತೆಗೆದುಕೊಂಡಳು. "ನೀನು ಪಾತ್ರೆ ನೋಡ್ಕೋ ಲೆಂಪಿ. ಅಳತೆ ನಾನು ಮಾಡ್ತೀನಿ," ಎಂದಳು, ಮೆಲ್ಲಗೆ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ. ಲೆಂಪಿ ಅಂಗಿಯ ತೋಳು ಮಡಚಿ ಪಾತ್ರೆ ತೊಳೆಯಲು ನಿಂತಳು. ಚಳಿಗಾಲ ಕಳೆಯುವಷ್ಟರಲ್ಲಿ ಸೋಪಿನ ನೀರಿಗೆ ಬೆರಳ ಸಂದುಗಳೆಲ್ಲ ಬಿರಿದವು.

ಸತ್ಯ ಹೇಳಬಹುದಿತ್ತು. ಹೇಳಿದರೆ ಯಾರು ನಂಬುತ್ತಿದ್ದರು? ತಪ್ಪು ಮಾಡಿ ಲಕ್ವ ಹೊಡೆದ ಗಂಡನ ಮೇಲೆ ಹಾಕುತ್ತಿದ್ದಾಳೆ ಎನ್ನುತ್ತಿದ್ದರು. ಅದನ್ನು ಹೇಳಬೇಕಾದವನು ಒಬ್ಬನೇ. ಅವನಿಗೆ ಅವಳು ದಿನವೂ ಉಣ್ಣಿಸುತ್ತಿದ್ದಳು, ತೊಳೆಯುತ್ತಿದ್ದಳು, ಮಗ್ಗುಲು ಬದಲಿಸುತ್ತಿದ್ದಳು. ಮಾತು ಮಾತ್ರ ಬೇಕಾದಷ್ಟೇ. ಒಮ್ಮೊಮ್ಮೆ ಚಮಚ ಬಾಯಿಗಿಡುವಾಗ ತೌನೊನ ಕಣ್ಣಲ್ಲಿ ನೀರು ಬರುತ್ತಿತ್ತು. ಲಕ್ವದವರಿಗೆ ಹಾಗೆ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು.

ಮರುವರ್ಷ ಮಾರ್ಚಿನಲ್ಲಿ ಲಕ್ವ ಮತ್ತೆ ಹೊಡೆಯಿತು. ತೌನೊ ಸತ್ತ. ಹೂಳುವ ದಿನ ಚರ್ಚು ತುಂಬಿತ್ತು. ಅಂಥ ಕೈ ಇನ್ನು ಹುಟ್ಟುವುದಿಲ್ಲ ಎಂದು ಜನ ಮಾತಾಡಿಕೊಂಡರು.

ಹಿಮ ಕರಗಿದ ಮೇಲೆ ಎಲ್ಮರ್ ತಾನಾಗಿಯೇ ಬಂದ. ಕಣ್ಣಿಗೆ ಕಪ್ಪು ಪಟ್ಟಿ. ನೆಲಮಾಳಿಗೆಯ ಮೇಜು ಬಿಚ್ಚಿಕೊಡುತ್ತೇನೆ ಎಂದ. ಹೆಬ್ಬೆರಳಿಲ್ಲದ ಕೈಯಲ್ಲಿ ಸ್ಪ್ಯಾನರ್ ನಿಲ್ಲಲಿಲ್ಲ, ಲೆಂಪಿ ಹಿಡಿದುಕೊಂಡಳು. ಎರಡು ಬೋಲ್ಟು ಬಿಚ್ಚುವಷ್ಟರಲ್ಲಿ ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ.

"ಅಕ್ಕ, ಭಾವ ಆಸ್ಪತ್ರೆಗೆ ಬಂದಿದ್ದ. ಚರ್ಚಿನವರು ಕಾರಲ್ಲಿ ಕರ್ಕೊಂಡು ಬಂದ್ರಲ್ಲ, ಆವತ್ತು."

"ಗೊತ್ತು. ನಾನೇ ಕೋಟು ಹಾಕಿ ಕಳಿಸಿದ್ದೆ."

"ಎಲ್ಲರನ್ನೂ ಹೊರಗೆ ಕಳಿಸಿ ಹೇಳ್ದ. ಮದ್ದು ಬೇರೆ ಅಂತ ಲೆಂಪಿ ಅಂದ್ಳು, ನಾನೇ ಗದರಿಸಿ ತುಂಬಿಸ್ದೆ ಅಂತ."

ಲೆಂಪಿಯ ಕೈಯಲ್ಲಿ ಸ್ಪ್ಯಾನರ್ ಹಾಗೆಯೇ ಇತ್ತು.

"ಯಾರಿಗೂ ಹೇಳ್ಬೇಡ ಅಂತ ಬೇಡ್ಕೊಂಡ. ಅಂಥ ಗಂಡಸು ಮಗು ಥರ ಅಳ್ತಿದ್ದ ಅಕ್ಕ. ಅವನಿಗೆ ಉಳಿದಿದ್ದು ಅದೊಂದೇ ಹೆಸರು. ಡಬ್ಬ ತಂದವನು ನಾನು, ನಾನೇನು ಹೇಳ್ಲಿ?"

"ಮತ್ತೆ ನಾನು?"

ಎಲ್ಮರ್ ನೆಲ ನೋಡಿದ. "ನೀನು ತಡ್ಕೋತೀಯ ಅಂದ್ಕೊಂಡ್ವಿ."

ಲೆಂಪಿ ಸ್ಪ್ಯಾನರನ್ನು ಮೇಜಿನ ಮೇಲಿಟ್ಟಳು. ಅವಳಿಗೆ ಅಳು ಬರಲಿಲ್ಲ. ಚಿಕ್ಕಂದಿನಲ್ಲಿ ಇದೇ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡು ತಿರುಗಿದ್ದು ಯಾಕೋ ನೆನಪಾಯಿತು.

"ಎದ್ದೇಳು," ಎಂದಳು. "ಮೊದಲು ಹೋಗಿ ಹಿಲ್ಯಗೆ ಹೇಳು. ಭಾನುವಾರ ಚರ್ಚಿನ ಕಾಫಿ ಹೊತ್ತಿಗೆ ಎಲ್ಲರೂ ಇರ್ತಾರೆ, ಆಗ ನಿಂತು ಹೇಳು. ಅಲ್ಲೀವರೆಗೆ ಈ ಮನೆಗೆ ಬರ್ಬೇಡ."

ಎಲ್ಮರ್ ಹೆಂಡತಿಗೆ ಹೇಳಿದ. ಬಿಡಾರದ ಇಬ್ಬರಿಗೆ ಹೇಳಿದ. ಭಾನುವಾರ ಚರ್ಚಿಗೆ ಬಂದ; ಕಾಫಿಗೆ ನಿಲ್ಲದೆ ಹೊರಟುಹೋದ. ಬಾಯಿಂದ ಬಾಯಿಗೆ ಹೋದ ಸುದ್ದಿಯನ್ನು ಕೆಲವರು ನಂಬಿದರು. ಸತ್ತವನ ಮೇಲೆ ಹಾಕುವುದು ಸುಲಭ, ಅಕ್ಕ ತಮ್ಮ ಒಂದಾದರು ಎಂದು ಉಳಿದವರು ಅಂದುಕೊಂಡರು. ಶಾಲೆಯಲ್ಲಿ ಯಾರೂ ಏನೂ ಹೇಳಲಿಲ್ಲ. ಲೆಂಪಿ ಪಾತ್ರೆ ತೊಳೆಯುತ್ತಲೇ ಇದ್ದಳು.

ಹಿಲ್ಯ ಒಂದು ದಿನ ಏಲಕ್ಕಿ ಹಾಕಿದ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ತಂದಳು. "ಅತ್ತಿಗೆ, ನಂಗೆ ಗೊತ್ತಿರ್ಲಿಲ್ಲ," ಎಂದಳು. "ನಿಂಗೆ ಗೊತ್ತಿರ್ಲಿಲ್ಲ, ನಿಜ," ಎಂದು ಲೆಂಪಿ ರೊಟ್ಟಿ ತೆಗೆದುಕೊಂಡಳು, ಬಟ್ಟೆ ಹಿಂದಕ್ಕೆ ಕೊಟ್ಟಳು. ಒಳಗೆ ಬಾ ಎನ್ನಲಿಲ್ಲ.

ಬೇಸಿಗೆಯಲ್ಲಿ ಸಮಾಧಿಯ ಕಲ್ಲು ಕೆತ್ತುವವನ ಹತ್ತಿರ ಹೋದಳು. ಆ ಊರಲ್ಲಿ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಒಂದೇ ಕಲ್ಲಿನಲ್ಲಿ ಕೆತ್ತಿಸಿ, ಇನ್ನೂ ಬದುಕಿರುವವರ ಸಾವಿನ ವರ್ಷಕ್ಕೆ ಜಾಗ ಬಿಡುವುದು ರೂಢಿ. ಅವನು ಅಗಲವಾದ ಕಲ್ಲು ತೋರಿಸಿದ.

"ಚಿಕ್ಕದು ಸಾಕು," ಎಂದಳು ಲೆಂಪಿ. "ಅವನ ಹೆಸರು ಮಾತ್ರ."

"ನಿಮ್ಮದು ಆಮೇಲೆ ಸೇರಿಸೋಕೆ ಆಗಲ್ಲಮ್ಮ, ಜಾಗ ಇರಲ್ಲ."

"ಅದಕ್ಕೇ ಚಿಕ್ಕದು ಕೇಳ್ತಿರೋದು," ಎಂದು ಹೇಳಿ ಅವಳು ಕೈಚೀಲ ತೆರೆದಳು.