ಕಾಲು ಮುಂದಾಗಿ ಹುಟ್ಟಿದ ಬೋರವ್ವ

ಬೇವೂರಿನ ಬೋರವ್ವ ತಾಯಿಯ ಹೊಟ್ಟೆಯಿಂದ ಬರುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವಳು. ಅಂಥವರು ಎಡಗಾಲಿನಿಂದ ಮೂರು ಸಲ ಒದ್ದರೆ ಹಿಡಿದ ಟೊಂಕ ಬಿಡುತ್ತದೆ ಎಂದು ಊರಿನ ನಂಬಿಕೆ. ಹೀಗಾಗಿ ಅವಳು ಹತ್ತು ವರ್ಷದವಳಿದ್ದಾಗಿನಿಂದ ಭಾನುವಾರ ಮುಂಜಾನೆ ಅವಳ ಹೊಸ್ತಿಲಲ್ಲಿ ಯಾರಾದರೊಬ್ಬರು ಬೋರಲು ಬೀಳುವುದು ತಪ್ಪಿದ್ದಿಲ್ಲ. ಗೌಡರೂ ಬಿದ್ದಿದ್ದಾರೆ, ಸಾಲಿ ಮಾಸ್ತರರೂ ಬಿದ್ದಿದ್ದಾರೆ. ಕುರಿ ಕಾಯುವ ಹೆಂಗಸಿನಿಂದ ಒದೆಸಿಕೊಂಡು, ಅವಳಿಗೇ ಕೈಮುಗಿದು ಹೋಗಿದ್ದಾರೆ.

ಊರಿಗೆ ಇದು ನಗೆಯ ಮಾತಾಗಬಹುದು, ಅವಳಿಗಲ್ಲ. ಅವಳನ್ನು ಹೆತ್ತ ಮೂರನೆಯ ದಿನ ಅವ್ವ ತೀರಿಕೊಂಡಿದ್ದಳು. ತಾಯಿಯನ್ನು ತಿಂದವಳು ಎಂದು ಓಣಿಯವರು ಆಡಿಕೊಂಡಾಗಲೆಲ್ಲ ಸಾಕಿದ ಅಜ್ಜಿ ಹೇಳುತ್ತಿದ್ದಳು: "ನಿಮ್ಮವ್ವ ತನ್ನ ಜೀವಾ ನಿನ್ನ ಕಾಲಾಗ ಇಟ್ಟು ಹೋಗ್ಯಾಳವ್ವಾ." ಆ ಒಂದು ಮಾತನ್ನು ನೆಚ್ಚಿಕೊಂಡು ಬೋರವ್ವ ಐವತ್ತೆಂಟು ವರ್ಷ ಬಾಳಿದಳು.

ಹೋದ ವರ್ಷ ಹೊಟ್ಟಿನ ಚೀಲ ಎತ್ತುವಾಗ ಅವಳದೇ ಟೊಂಕ ಹಿಡಿಯಿತು. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ತನ್ನ ಕಾಲೂ ತನ್ನ ಬೆನ್ನಿಗೆ ಎಟುಕದು. ಬಗ್ಗಿದರೆ ಎಲ್ಲಿ ಎಲುಬು ಕಳಚೀತೋ ಎಂದು ಹೆದರಿ, ಟೊಂಕಕ್ಕೆ ಪಟ್ಟಾ ಬಿಗಿದುಕೊಂಡು ಎಂಟು ತಿಂಗಳು ಮಲಗಿ ಕಳೆದಳು. ಭಾನುವಾರ ಮಾತ್ರ ಗೋಡೆ ಹಿಡಿದು ಎದ್ದು, ಬಂದವರನ್ನು ಒದೆಯುತ್ತಿದ್ದಳು. ಕೊನೆಗೆ ನಾದಿನಿಯ ಮನೆಗೆಂದು ಸುಳ್ಳು ಹೇಳಿ ಬಾಗಲಕೋಟೆಯ ದವಾಖಾನೆಗೆ ಹೋದಳು.

ಅಲ್ಲಿ ವ್ಯಾಯಾಮ ಕಲಿಸುವ ಆಯೇಶಾ ಮೊದಲು ರೋಗಿಗಳನ್ನೆಲ್ಲ ಕೂಡಿಸಿಕೊಂಡು ಅರ್ಧ ತಾಸು ಮಾತಾಡುತ್ತಿದ್ದಳು.

"ನೋವೈತಿ ಅಂದ್ರ ಎಲುಬು ಸರದೈತಿ ಅಂತಲ್ಲರಿ. ಹೆದರಿ ಮಲಗಿದಷ್ಟೂ ಟೊಂಕ ಬಿರುಸಾಗ್ತೈತಿ. ಸ್ವಲ್ಪ ಸ್ವಲ್ಪ ಬಗ್ಗರಿ, ನಡೀರಿ. ಆದ್ರ ಕಾಲು ಜೋಮು ಹಿಡಿದು, ಒಂದಕ್ಕ ಹೋಗೂದು ತಿಳೀದಂಗ ಆತಂದ್ರ ಒಂದು ತಾಸೂ ತಡೀಬ್ಯಾಡ್ರಿ, ಓಡಿ ಬರ್ರಿ."

ಬೋರವ್ವ ಮೆಲ್ಲಗೆ ಕೇಳಿದಳು: "ಹಂಗಾರ ಕಾಲು ಮುಂದಾಗಿ ಹುಟ್ಟಿದವರ ಕಡೆ ಒದಸ್ಕೊಂಡು ಆರಾಮ ಆದವರು?"

"ಆರಾಮ ಆಗಿದ್ದು ಖರೇನ ಅಮ್ಮಾರ. ಭಾಳ ಮಂದಿಗೆ ಈ ನೋವು ತಾನ ಇಳೀತೈತಿ. ಮ್ಯಾಲೆ 'ಹೋತು, ಏಳು' ಅಂತ ಯಾರರ ಅಂದ್ರ ಹೆದರಿಕಿ ಬಿಟ್ಟು ಎದ್ದು ನಡೀತಾರ. ಕಾಲಾಗ ಏನೂ ಇರೂದಿಲ್ಲ."

ಬೋರವ್ವನಿಗೆ ಅಜ್ಜಿಯ ಮಾತು ನೆನಪಾಯಿತು. ಕಾಲಲ್ಲಿ ಏನೂ ಇಲ್ಲವೆಂದರೆ ಅವ್ವ ಸುಮ್ಮಸುಮ್ಮನೆ ಸತ್ತಳೆಂದಾಯಿತಲ್ಲ! ಬಸ್ಸಿನಲ್ಲಿ ಊರು ಮುಟ್ಟುವತನಕ ಅವಳು ತನ್ನ ಎಡಗಾಲನ್ನೇ ನೋಡುತ್ತ ಕೂತಳು.

ಆದರೂ ಹೇಳಿಕೊಟ್ಟದ್ದನ್ನು ಬಿಡಲಿಲ್ಲ. ಬಾಗಿಲು ಹಾಕಿಕೊಂಡು ಅಂಗಾತ ಮಲಗಿ ಟೊಂಕ ಎತ್ತುವಳು. ಕೈ, ಮೊಣಕಾಲು ಊರಿ ಕುರಿಯಂತೆ ನಿಂತು ಬೆನ್ನು ಬಗ್ಗಿಸುವಳು. ಎರಡು ತಿಂಗಳಲ್ಲಿ ಪಟ್ಟಾ ಬಿಚ್ಚಿಟ್ಟು ಕೊಡ ಎತ್ತುವಂತಾದಳು. ಭಾನುವಾರದ ಒದೆತ ಮಾತ್ರ ನಿಲ್ಲಿಸಲಿಲ್ಲ. ಅದನ್ನು ಬಿಟ್ಟರೆ ಅವ್ವನನ್ನೇ ಬಿಟ್ಟಂತೆ ಎಂದು ಅವಳಿಗೆ ಅಳುಕು.

ಹೀಗಿರುವಾಗ ಒಂದು ಭಾನುವಾರ ಹಮಾಲಿ ಮಾಡುವ ಲಕ್ಷ್ಮಪ್ಪನನ್ನು ಟಂಟಂ ರಿಕ್ಷಾದಲ್ಲಿ ಹೇರಿಕೊಂಡು ಬಂದು ಹೊಸ್ತಿಲಲ್ಲಿ ಮಲಗಿಸಿದರು. ಎಡಗಾಲು ಎತ್ತಿದ ಬೋರವ್ವನಿಗೆ ಏನೆನಿಸಿತೋ, ಕೇಳಿದಳು.

"ಕಾಲು ಹೆಂಗದಾವೋ?"

"ಎರಡೂ ಜೋಮು ಹಿಡದಾವ ಯವ್ವಾ."

"ಒಂದಕ್ಕ?"

ಲಕ್ಷ್ಮಪ್ಪ ಮುಖ ನೆಲಕ್ಕೊತ್ತಿದ. "ನಿನ್ನಿಯಿಂದ ತಿಳಿವಲ್ದು. ಧೋತರ ಒದ್ದಿ ಆಗ್ತೈತಿ."

ಎತ್ತಿದ ಕಾಲು ಹಾಗೇ ನಿಂತಿತು. ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಂದಿ ನೋಡುತ್ತಿದ್ದರು. ಬೋರವ್ವ ಕಾಲನ್ನು ನೆಲಕ್ಕಿಟ್ಟಳು.

"ಏಳಸ್ರಿ ಇವನ್ನ. ಈಗಿಂದೀಗ ಬಾಗಲಕೋಟಿಗೆ ಒಯ್ಯೂಣು. ನನ್ನ ಕಾಲಾಗ ಏನೂ ಇಲ್ಲ."

"ಏನಂತೀಯವ್ವಾ? ನಿಮ್ಮವ್ವ ಕೊಟ್ಟು ಹೋದದ್ದು..." ಎಂದ ಮುದುಕ ಅಂದಪ್ಪ.

"ನಮ್ಮವ್ವ ಏನೂ ಕೊಟ್ಟು ಹೋಗಿಲ್ಲೋ ಕಾಕಾ. ಮೂರು ದಿನ ಇದ ಮನ್ಯಾಗ ಒದ್ದಾಡಿ ಸತ್ತಳು. ಆಕಿನ್ನ ಯಾರೂ ಗಾಡಿ ಹತ್ತಸಲಿಲ್ಲ."

ಅಂದಪ್ಪ ತಲೆ ತಗ್ಗಿಸಿದ. ಕಟ್ಟೆಯ ಮೇಲಿದ್ದ ನಾಲ್ವರು ಇಳಿದು ಬಂದು ಲಕ್ಷ್ಮಪ್ಪನನ್ನು ಎತ್ತಿದರು.

ಲಕ್ಷ್ಮಪ್ಪನಿಗೆ ಅಂದೇ ಆಪರೇಷನ್ ಆಯಿತು, ಈಗ ಕೋಲು ಹಿಡಿದು ನಡೆಯುತ್ತಾನೆ. ಅದು ಆಮೇಲಿನ ಮಾತು. ಆ ಮುಂಜಾನೆ ಬೋರವ್ವ ತಾನೇ ಬಗ್ಗಿ ಅವನ ಎರಡೂ ಕಾಲು ಎತ್ತಿ ಟಂಟಂ ಒಳಗಿಟ್ಟು, ಪಕ್ಕದಲ್ಲಿ ಹತ್ತಿ ಕೂತಳು. ಊರು ದಾಟುವವರೆಗೆ ತಡೆದುಕೊಂಡಳು. ಆಮೇಲೆ, ಹುಟ್ಟಿದ ಮೇಲೆ ಮೊದಲ ಸಲ, ಅವ್ವನಿಗಾಗಿ ಅತ್ತಳು.